ಸ್ಫಟಿಕದ ದೀಪ ಮತ್ತು ವಾಣೀವಿಲಾಸ ಸನ್ನಿಧಾನ

ಮನೆಯ ಹಜಾರದಲ್ಲಿ ಸ್ಫಟಿಕದ ತೂಗುದೀಪವೊಂದು ಬೆಳಗುವುದು ಹಿಂದೆ ಅರಸುಮನೆತನಗಳಿಗೆ ಮೀಸಲಾಗಿದ್ದ ವೈಭವ. ಇಂದು ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಹಾಗಿರಲಿ, ನಮ್ಮ ಭಾನುವಳ್ಳಿಯಂಥ ಊರಿನಲ್ಲಿಯೂ ಮನೆ ಕಟ್ಟಿಸುವವರು ಗೃಹಪ್ರವೇಶಕ್ಕೆ ಮುನ್ನ ಝೂಮರ್ ಬೇಕೆಂದು ವಿಚಾರಿಸುತ್ತಾರೆ. ಅದರ ಬೆಲೆಯನ್ನು ಕೇಳುವವರು ಅನೇಕರು. ಅದು ಯಾರಿಗಾಗಿ ಬೆಳಗಬೇಕು, ವರ್ಷ ವರ್ಷವೂ ಅದರ ಧೂಳನ್ನು ಒರೆಸುವವರು ಯಾರು ಎಂದು ಯೋಚಿಸುವವರು ವಿರಳ. ಈ ಪ್ರಶ್ನೆ ಎದುರಾದಾಗಲೆಲ್ಲ ನನ್ನ ಮನಸ್ಸು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಾಳಿನತ್ತ ಹೊರಳುತ್ತದೆ. ವಾಣೀವಿಲಾಸ ಸನ್ನಿಧಾನವೆಂಬ ಬಿರುದಿನಿಂದ ನಾಡು ಅವರನ್ನು ಬಲ್ಲದು. ದೀಪದಿಂದ ಮನೆ ಬೆಳಗುವುದನ್ನು ಕಂಡಂತೆಯೇ ಮನೆ ಉರಿದುಹೋಗುವುದನ್ನೂ ಕಂಡ ಜೀವ ಅದು.

ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು ೧೮೬೬ರಲ್ಲಿ, ನಂಜನಗೂಡಿನ ಬಳಿಯ ಕಳಲೆಯ ಅರಸು ಮನೆತನದಲ್ಲಿ. ೧೮೭೮ರಲ್ಲಿ, ಹನ್ನೆರಡರ ಎಳೆಹರೆಯದಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕೈಹಿಡಿದರು. ಆಗ ರಾಜ್ಯ ಇನ್ನೂ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. ೧೮೮೧ರಲ್ಲಿ ಅದು ಅರಸರಿಗೆ ಮರಳಿತು. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಪಾಠಶಾಲೆ ಆರಂಭವಾದದ್ದೂ ಅದೇ ವರ್ಷ. ಮುಂದಿನ ಹದಿಮೂರು ವರ್ಷಗಳ ಕಾಲ ಅವರ ಬದುಕು ಮಕ್ಕಳು, ವ್ರತ, ಉತ್ಸವಗಳ ನಡುವೆ ಸುಗಮವಾಗಿ ಸಾಗಿತೆನ್ನಬಹುದು.

೧೮೯೪ರ ಡಿಸೆಂಬರ್ ೨೮ರಂದು ಆ ನೆಮ್ಮದಿ ಮುರಿದುಬಿತ್ತು. ಕಲ್ಕತ್ತೆಗೆ ಹೋಗಿದ್ದ ಮಹಾರಾಜರು ಗಂಟಲಮಾರಿ ರೋಗಕ್ಕೆ ತುತ್ತಾಗಿ ಅಲ್ಲಿಯೇ ತೀರಿಕೊಂಡರು. ಅವರಿಗೆ ವಯಸ್ಸು ಮೂವತ್ತೊಂದು, ಮಹಾರಾಣಿಯವರಿಗೆ ಇಪ್ಪತ್ತೆಂಟು. ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ. ೧೮೯೫ರ ಫೆಬ್ರವರಿ ೧ರಂದು ಬಾಲಕನಿಗೆ ಪಟ್ಟವಾಯಿತು. ರಾಜ್ಯದ ಹೊಣೆ ತಾಯಿಯ ಹೆಗಲೇರಿತು. ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಸಮರ್ಥರೂ ಪ್ರಬಲರೂ ಆದ ಆಡಳಿತಗಾರರು. ಅಂಥವರ ಸಲಹೆಯನ್ನು ಪಡೆಯುತ್ತ, ಪರದೆಯ ಮರೆಯಿಂದ ರಾಜ್ಯಭಾರ ಮಾಡುವುದು ಹೊರಲೋಕದ ಪರಿಚಯವಿಲ್ಲದೆ ಬೆಳೆದ ಹೆಣ್ಣುಮಗಳಿಗೆ ಸುಲಭದ ಕೆಲಸವಾಗಿರಲಿಲ್ಲ.

ಎರಡು ವರ್ಷ ತುಂಬಿದೊಡನೆ ಇನ್ನೊಂದು ಪೆಟ್ಟು ಬಿತ್ತು. ೧೮೯೭ರ ಫೆಬ್ರವರಿಯಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ವಿವಾಹ ನಡೆಯುತ್ತಿದ್ದಾಗಲೇ ಅರಮನೆಗೆ ಬೆಂಕಿ ಬಿದ್ದಿತು. ೧೮೦೩ರಲ್ಲಿ ಕಟ್ಟಿದ ಆ ಅರಮನೆಯಲ್ಲಿ ಮರದ ಕೆಲಸವೇ ಹೆಚ್ಚು. ಸುಮಾರು ನೂರು ವರ್ಷ ಒಣಗಿದ ಮರಕ್ಕೆ ಕಿಡಿ ತಗುಲಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಮದುವೆಯ ಚಪ್ಪರವಿದ್ದ ಮನೆ ಬೂದಿಯಾಯಿತು. ಅರಸುಮನೆತನ ಜಗನ್ಮೋಹನ ಅರಮನೆಗೆ ವಾಸ ಬದಲಿಸಿತು.

ಮಹಾರಾಣಿಯವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಅದೇ ವರ್ಷ ಹೊಸ ಅರಮನೆಯ ಕೆಲಸ ಆರಂಭವಾಯಿತು. ಸಿಮ್ಲಾದಲ್ಲಿ ವೈಸರಾಯರ ನಿವಾಸವನ್ನು ರೂಪಿಸಿದ್ದ ಹೆನ್ರಿ ಇರ್ವಿನ್ ಇದಕ್ಕೂ ಶಿಲ್ಪಿಯಾದರು. ಈ ಬಾರಿ ಮರವನ್ನು ನೆಚ್ಚಲಿಲ್ಲ. ಕಲ್ಲು, ಇಟ್ಟಿಗೆ, ಕಬ್ಬಿಣಗಳೇ ಕಟ್ಟಡದ ಆಧಾರವಾದವು. ಎಂಟು ಮೂಲೆಯ ಕಲ್ಯಾಣಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೊ ನಗರದಿಂದ ಬಂದವು. ನೆತ್ತಿಯ ಮೇಲೆ ನವಿಲುಗಳ ಚಿತ್ರವಿರುವ ಬಣ್ಣದ ಗಾಜಿನ ಚಾವಣಿ. ಅದರ ನಡುವಿನಿಂದ ಇಳಿಬಿದ್ದ ಚೆಕ್ ನಾಡಿನ ಸ್ಫಟಿಕದ ತೂಗುದೀಪ.

ಆ ನಾಡಿನ ಬೊಹೀಮಿಯ ಪ್ರಾಂತ ಗಾಜಿನ ಕೆಲಸಕ್ಕೆ ಶತಮಾನಗಳಿಂದ ಹೆಸರಾದದ್ದು. ಇಂಗ್ಲೆಂಡಿನಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ ೧೬೭೪ರಲ್ಲಿ ಹೊಸ ಬಗೆಯ ಗಾಜಿಗೆ ಹಕ್ಕುಪತ್ರ ಪಡೆದ. ಆ ಪ್ರಯೋಗಗಳಿಂದ ಸೀಸ ಬೆರೆತ ಗಾಜು ರೂಢಿಗೆ ಬಂದಿತು. ಸೀಸದ ಗಾಜು ತೂಕವುಳ್ಳದ್ದು; ಬೆಳಕನ್ನು ಹೆಚ್ಚು ಬಾಗಿಸಿ ಏಳು ಬಣ್ಣವಾಗಿ ಒಡೆಯುವಂಥದ್ದು. ಬೊಹೀಮಿಯದವರು ಸಸ್ಯಗಳ ಬೂದಿಯ ಕ್ಷಾರವನ್ನೂ ಸುಣ್ಣವನ್ನೂ ಬೆರೆಸಿ, ಆಳವಾಗಿ ಕೊರೆಯಬಲ್ಲ ಗಟ್ಟಿ ಗಾಜನ್ನು ಮಾಡಿದರು. ಮೇಣದಬತ್ತಿಯ ಕಾಲದಲ್ಲಿ ಈ ಲೋಲಕಗಳಿಗೆ ಅಲಂಕಾರಕ್ಕಿಂತ ಮಿಗಿಲಾದ ಉಪಯೋಗವಿತ್ತು. ಕೆಲವೇ ಕುಡಿಗಳ ಮಂದವಾದ ಬೆಳಕನ್ನು ಅವು ನೂರು ಮುಖಗಳಿಂದ ಹರಡುತ್ತಿದ್ದವು.

ಮನೆಗೆ ತೂಗುದೀಪವನ್ನು ಆರಿಸುವವರು ಆ ಕಲ್ಯಾಣಮಂಟಪದಲ್ಲಿ ತಲೆಯೆತ್ತಿ ನಿಂತು ಕಲಿಯಬೇಕಾದದ್ದು ಅಳತೆಯ ಪಾಠ. ಅಲ್ಲಿನ ದೀಪ ಅಲ್ಲಿನ ಎತ್ತರಕ್ಕೆ ತಕ್ಕುದು. ಅದೇ ಗಾತ್ರದ್ದನ್ನು ಹತ್ತಡಿಯ ಚಾವಣಿಗೆ ತೂಗಹಾಕಿದರೆ ಅದು ದೀಪವಲ್ಲ, ತಲೆಗೆ ಅಡ್ಡಿ. ಕೋಣೆಯ ಉದ್ದಗಲಗಳನ್ನು ಅಡಿಗಳಲ್ಲಿ ಕೂಡಿಸಿ, ಬಂದ ಸಂಖ್ಯೆಯಷ್ಟು ಅಂಗುಲ ಅಗಲದ ದೀಪವನ್ನು ಆರಿಸುವುದು ಬಲ್ಲವರ ರೂಢಿ. ೧೫ ಅಡಿ ಉದ್ದ, ೧೨ ಅಡಿ ಅಗಲದ ಹಜಾರಕ್ಕೆ ಸುಮಾರು ೨೭ ಅಂಗುಲ ಸಾಕು. ನೆಲದಿಂದ ಏಳಡಿಗಿಂತ ಕೆಳಗೆ ಅದು ಇಳಿಯಬಾರದು. ಕೊಂಡಿಯನ್ನು ತೊಲೆಗೋ ಕಾಂಕ್ರೀಟಿಗೋ ಭದ್ರಪಡಿಸಬೇಕಲ್ಲದೆ ಅಲಂಕಾರದ ಹುಸಿ ಚಾವಣಿಯನ್ನು ನಂಬಬಾರದು. ಕೊಳ್ಳುವಾಗ ಲೋಲಕವನ್ನು ಅಂಗೈಯಲ್ಲಿಟ್ಟು ನೋಡಬೇಕು. ಗಾಜು ತಣ್ಣಗೆ, ಭಾರವಾಗಿ ಇರುತ್ತದೆ. ಪ್ಲಾಸ್ಟಿಕ್ಕಿನದು ಹಗುರ, ಕಾಲಕ್ರಮದಲ್ಲಿ ಮಂಕಾಗುವಂಥದು. ನಾಲ್ಕಾರು ಲೋಲಕಗಳನ್ನು ಹೆಚ್ಚಿಗೆ ಕೊಂಡಿಟ್ಟುಕೊಂಡರೆ ಮುಂದೊಂದು ದಿನ ಒಡೆದದ್ದಕ್ಕೆ ಜೋಡಿ ಹುಡುಕುವ ಪಾಡು ತಪ್ಪುತ್ತದೆ.

ಈಗ ಒಂದು ಕಠಿಣವಾದ ಪ್ರಶ್ನೆ. ಹೊಸ ಅರಮನೆಗೆ ತಗುಲಿದ ವೆಚ್ಚ ೪೧ ಲಕ್ಷ ೪೭ ಸಾವಿರದ ೯೧೩ ರೂಪಾಯಿ. ಅಡಿಪಾಯ ಬಿದ್ದ ಮರುವರ್ಷವೇ, ೧೮೯೮ರಲ್ಲಿ, ಬೆಂಗಳೂರು ಮೈಸೂರುಗಳಿಗೆ ಪ್ಲೇಗು ಬಂದು ಜನ ಊರು ಬಿಟ್ಟು ಓಡಿದರು. ಪ್ರಜೆ ಸಾಯುತ್ತಿರುವಾಗ ಅರಸನಿಗೆ ಬಣ್ಣದ ಗಾಜೇಕೆ, ಸ್ಫಟಿಕವೇಕೆ ಎಂದು ತರಗತಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದು; ಅರಸೊತ್ತಿಗೆಯ ಮೇಲಿನ ಭಕ್ತಿಯಿಂದ ಅದನ್ನು ಮುಚ್ಚಿಹಾಕಲಾಗದು. ಆದರೆ ಒಂದು ಬಾಳನ್ನು ತೂಗುವಾಗ ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಬೇಕು.

ಅರಮನೆ ಸುಟ್ಟ ಅದೇ ೧೮೯೭ರ ಜೂನ್ ತಿಂಗಳಲ್ಲಿ ಮಹಾರಾಣಿಯವರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರ ಹಾಕಿದರು. ೧೯೦೦ರಲ್ಲಿ ಅದು ತೆರೆಯಿತು. ಪ್ಲೇಗಿನ ಪಾಠದಿಂದ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿಬೆಳಕಿನ ಬಡಾವಣೆಗಳು ಬೆಳೆದವು. ಹಿರಿಯೂರಿನ ಬಳಿ, ಮಾರಿಕಣಿವೆಯಲ್ಲಿ, ವೇದಾವತಿಗೆ ಅಣೆಕಟ್ಟು ಕಟ್ಟುವ ಕೆಲಸವೂ ಅವರ ಆಡಳಿತದಲ್ಲಿಯೇ ಮೊದಲಾಗಿ ೧೯೦೭ರಲ್ಲಿ ಮುಗಿಯಿತು. ೧೯೯೭ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಹರಿಹರದ ನಾವೆಲ್ಲ ಚಿತ್ರದುರ್ಗ ಜಿಲ್ಲೆಯವರೇ. ನಮಗೆ ತುಂಗಭದ್ರೆ ಪಕ್ಕದಲ್ಲಿಯೇ ಇದ್ದಾಳೆ. ಆದರೆ ಅದೇ ಜಿಲ್ಲೆಯ ಹಿರಿಯೂರಿನ ಒಣ ಸೀಮೆಗೆ ನೀರಿನ ಆಸರೆಯಾದದ್ದು ಆ ಅಣೆಕಟ್ಟು. ಅದಕ್ಕೆ ವಾಣೀವಿಲಾಸ ಸಾಗರವೆಂದು ಅವರ ಹೆಸರನ್ನೇ ಇಟ್ಟರು.

ಮೂರನೆಯದು ಬೆಳಕಿನದೇ ಕಥೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ತೆಗೆಯುವ ಯೋಜನೆಗೆ ಕೈಹಾಕಿದ್ದು ಅವರ ಕಾಲದಲ್ಲಿಯೇ. ೧೯೦೨ರ ಜೂನ್ ೩೦ರಂದು ಆ ಶಕ್ತಿ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರು, ೧೯೦೮ರಲ್ಲಿ ಮೈಸೂರು ಬೆಳಗಿದವು. ೧೯೧೨ರಲ್ಲಿ ಅರಮನೆ ಪೂರ್ಣವಾದಾಗ ಊರಿನ ಬೀದಿಗಳು ಆಗಲೇ ವಿದ್ಯುದ್ದೀಪವನ್ನು ಕಂಡಿದ್ದವು. ಈ ಅನುಕ್ರಮ ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ಗಣಿಗೆ ಮೊದಲು, ಊರಿಗೆ ಆಮೇಲೆ, ಹೊಸ ಅರಮನೆಯ ಸ್ಫಟಿಕಕ್ಕೆ ಕೊನೆಗೆ. ಗಣಿಗಳ ಕಂಪನಿಗೆ ಅದರಿಂದ ಲಾಭವಾಯಿತು, ಹಳ್ಳಿಗಳು ಇನ್ನೂ ದಶಕಗಳ ಕಾಲ ಕತ್ತಲಲ್ಲಿ ಉಳಿದವು ಎಂಬುದೂ ನಿಜ. ಆದರೂ ತನ್ನ ಮನೆಯ ದೀಪಕ್ಕಿಂತ ಮುಂಚೆ ಹೊರಗೆ ಬೆಳಕು ಹರಿದ ರಾಜ್ಯವೆಂಬ ಮಾತನ್ನು ಅಲ್ಲಗಳೆಯಲಾಗದು.

೧೯೦೨ರ ಆಗಸ್ಟ್ ೮ರಂದು ಮಗನಿಗೆ ಅಧಿಕಾರ ಬಂದಿತು. ತಾಯಿ ಹಿಂದೆ ಸರಿದರು. ಏಳು ವರ್ಷ ರಾಜ್ಯವಾಳಿದವರು ಅಧಿಕಾರವನ್ನು ಬಿಟ್ಟು ಮೂವತ್ತೆರಡು ವರ್ಷ ಬದುಕುವುದು ಸಾಮಾನ್ಯ ಸಂಯಮವಲ್ಲ. ಆ ವರ್ಷಗಳಲ್ಲಿ ದುಃಖ ಅವರನ್ನು ಬಿಡಲಿಲ್ಲ. ಮಗಳು ಕೃಷ್ಣಾಜಮ್ಮಣ್ಣಿ ಕ್ಷಯರೋಗಕ್ಕೆ ಬಲಿಯಾದರು. ಮೈಸೂರಿನ ಕ್ಷಯರೋಗ ಚಿಕಿತ್ಸಾಲಯ ಇಂದಿಗೂ ಆ ಮಗಳ ಹೆಸರನ್ನು ಹೊತ್ತಿದೆ. ವಿಧವೆಯರನ್ನು ಮಂಗಳಕಾರ್ಯಗಳಿಂದ ದೂರವಿಟ್ಟ ಕಾಲದಲ್ಲಿ, ವಿಧವೆಯೊಬ್ಬರು ಕೈಗೊಂಡ ಅರಮನೆಯ ಅತಿ ಸುಂದರವಾದ ಭಾಗ ಮದುವೆಯ ಮಂಟಪವೇ ಆದದ್ದನ್ನು ನೆನೆದಾಗ ನನ್ನ ಮನಸ್ಸು ಮೃದುವಾಗುತ್ತದೆ. ಮಗಳ ಧಾರೆಯ ಹೊತ್ತಿನಲ್ಲಿ ಉರಿದ ಮನೆಗೆ ತಾಯಿ ಕೊಟ್ಟ ಉತ್ತರವಿದೆಂದು ನಾನು ಭಾವಿಸುತ್ತೇನೆ.

ಸ್ಫಟಿಕವನ್ನು ಕೊಳ್ಳಲು ಒಂದು ದಿನದ ಹಣ ಸಾಕು. ಕಾಪಾಡಲು ವರ್ಷಗಳ ಶ್ರದ್ಧೆ ಬೇಕು. ವಿದ್ಯುತ್ತನ್ನು ನಿಲ್ಲಿಸಿ, ಬಲ್ಬುಗಳು ಆರಿದ ಮೇಲೆ ಹತ್ತಿಯ ಕೈಗವಸು ತೊಟ್ಟು, ಒಂದೊಂದೇ ಲೋಲಕವನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಬೇಕು. ದೀಪವನ್ನು ತಿರುಗಿಸುತ್ತ ಒರೆಸಿದರೆ ಮೇಲಿನ ತಿರುಪು ಸಡಿಲವಾದೀತು. ಏಣಿಯನ್ನೇ ಸುತ್ತ ಸರಿಸಿಕೊಳ್ಳುವುದು ಕ್ಷೇಮ. ನೀರನ್ನು ನೇರವಾಗಿ ಎರಚಿದರೆ ತಂತಿಗೂ ಲೋಹಕ್ಕೂ ಕೇಡು. ವರ್ಷಕ್ಕೊಮ್ಮೆ ಕೊಂಡಿಯ ಬಲವನ್ನು ಪರೀಕ್ಷಿಸಬೇಕು. ಮನೆಯವರೆಲ್ಲ ಸೇರಿ ಹಬ್ಬಕ್ಕೆ ಮುನ್ನ ಮಾಡಬಹುದಾದ ಕೆಲಸವಿದು; ಕೂಲಿಯವನೊಬ್ಬನನ್ನು ಏಣಿಯ ತುದಿಗೆ ಒಬ್ಬಂಟಿಯಾಗಿ ಹತ್ತಿಸಿ ಕೆಳಗೆ ನಿಂತು ಗದರುವಂಥದಲ್ಲ.

೧೯೩೩ರಲ್ಲಿ ವಾಣೀವಿಲಾಸ ಸಾಗರ ಮೊದಲ ಬಾರಿಗೆ ತುಂಬಿ ಕೋಡಿಬಿದ್ದಿತು. ಮರುವರ್ಷ, ೧೯೩೪ರಲ್ಲಿ, ಮಹಾರಾಣಿಯವರು ಕಣ್ಮುಚ್ಚಿದರು. ಬೆಂಗಳೂರಿನಲ್ಲಿ ತಾಯಂದಿರಿಗೂ ಮಕ್ಕಳಿಗೂ ಮೀಸಲಾದ ವಾಣೀವಿಲಾಸ ಆಸ್ಪತ್ರೆ ೧೯೩೫ರಲ್ಲಿ ಬಾಗಿಲು ತೆರೆಯಿತು. ಸಾಗರ ಮತ್ತೆ ಕೋಡಿಬೀಳಲು ೨೦೨೨ರವರೆಗೆ ಕಾಯಬೇಕಾಯಿತು. ಅಂದು ಹಿರಿಯೂರಿನ ಸೀಮೆಯ ಜನ ಬಾಗಿನ ಹಿಡಿದು ಕಟ್ಟೆಯತ್ತ ನಡೆದರು. ಅರಮನೆಯ ತೂಗುದೀಪವನ್ನು ಕಂಡು ಬೆರಗಾದ ಪ್ರವಾಸಿಗರು ಅಸಂಖ್ಯ. ಆ ಬೆರಗಿಗಿಂತ ಈ ಬಾಗಿನ ಹೆಚ್ಚಿನದೆಂದು ನಾನು ಎಣಿಸುತ್ತೇನೆ. ಹೊಸ ಮನೆಯ ಹಜಾರದಲ್ಲಿ ಝೂಮರ್ ತೂಗಹಾಕುವ ನಮ್ಮವರು ಅಂಗಳದಾಚೆಗೂ ಒಂದು ದೀಪವನ್ನು ಹಚ್ಚಿಟ್ಟರೆ ಸ್ಫಟಿಕದ ಬೆಲೆ ಕಡಿಮೆಯಾಗದು.