ಗುಳ್ಳೆಗೆ ಸಂದ ಕೀರ್ತಿ, ಮರೆಯಾದ ಮಿಶ್ರಣ

ಎಂಬತ್ತರ ದಶಕದ ಆರಂಭದ ಮಾತು. ಮಲೆನಾಡಿನ ಜಿಲ್ಲೆಯೊಂದರಲ್ಲಿ ನಾನು ಆಗಷ್ಟೇ ಸರ್ಕಾರಿ ಸೇವೆಗೆ ಸೇರಿದ್ದೆ. ಆಹಾರ ಕಲಬೆರಕೆಯ ತಪಾಸಣೆಗೆಂದು ಸಣ್ಣ ಪೇಟೆಯೊಂದರ ಕಾಫಿಪುಡಿ ಅಂಗಡಿಗೆ ಹೋದಾಗ, ಪುಡಿಯಲ್ಲಿ ಚಿಕೋರಿ ಬೆರೆತಿದೆಯೆಂದು ತಿಳಿದೊಡನೆ ಮೊಕದ್ದಮೆ ಹೂಡಲು ಸಿದ್ಧನಾದೆ. ಜೊತೆಗಿದ್ದ ಹಿರಿಯ ಆಹಾರ ನಿರೀಕ್ಷಕರು ನನ್ನನ್ನು ಪಕ್ಕಕ್ಕೆ ಕರೆದು ಪೊಟ್ಟಣದ ಮೇಲಿನ ಅಚ್ಚನ್ನು ತೋರಿಸಿದರು. ಚಿಕೋರಿಯ ಪ್ರಮಾಣ ಅಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು. ಮಿಶ್ರಣದಲ್ಲಿ ಶೇ 51ಕ್ಕೆ ಕಡಿಮೆಯಿಲ್ಲದಷ್ಟು ಕಾಫಿ ಇದ್ದು, ಬೆರೆಸಿದ ಸಂಗತಿಯನ್ನು ಪೊಟ್ಟಣದ ಮೇಲೆ ತಿಳಿಸಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪಲ್ಲ. ಬೆರೆಸುವುದು ಅಪರಾಧವಲ್ಲ, ಬೆರೆಸಿದ್ದನ್ನು ಮುಚ್ಚಿಡುವುದು ಅಪರಾಧ ಎಂಬ ಪಾಠವನ್ನು ನಾನು ಕಲಿತದ್ದು ಅಂದು.

ನಮ್ಮ ಭಾಷೆಯೇ ಈ ವಿಷಯದಲ್ಲಿ ತುಸು ಕಠೋರವಾಗಿದೆ. ಬೆರಕೆ ಎಂದೊಡನೆ ಮೋಸದ ವಾಸನೆ ಬಡಿಯುತ್ತದೆ. ಅಪ್ಪಟ, ಶುದ್ಧ ಎಂದರೆ ಗೌರವ ತಾನಾಗಿ ಹುಟ್ಟುತ್ತದೆ. ವೈನ್ ಕೊಳ್ಳುವವರಲ್ಲೂ ಇದೇ ಭಾವನೆಯನ್ನು ಕಂಡಿದ್ದೇನೆ. ಸೀಸೆಯ ಮೇಲೆ ಒಂದೇ ದ್ರಾಕ್ಷಿ ತಳಿಯ ಹೆಸರಿದ್ದರೆ ಅದು ಉತ್ತಮವೆಂದೂ, ಹಲವು ತಳಿಗಳನ್ನೋ ಹಲವು ತೋಟಗಳ ಹಣ್ಣನ್ನೋ ಕೂಡಿಸಿದ್ದರೆ ಅದು ಕೈಗೆ ಸಿಕ್ಕಿದ್ದನ್ನು ಸೇರಿಸಿದ ಸರಕೆಂದೂ ಅನೇಕರು ನಂಬುತ್ತಾರೆ. ನಾನು ವೈನಿನ ರಸಿಕನೇನಲ್ಲ. ಆದರೆ ಈ ನಂಬಿಕೆಯನ್ನು ಪರೀಕ್ಷೆಗೊಡ್ಡುವ ಒಬ್ಬ ಸನ್ಯಾಸಿಯ ಬದುಕು, ನಿವೃತ್ತ ಅಧಿಕಾರಿಯಾದ ನನ್ನನ್ನು ಬಹುಕಾಲದಿಂದ ಸೆಳೆದಿದೆ. ಜಗತ್ತು ಆತನಿಗೆ ಮಾಡದ ಕೆಲಸದ ಕೀರ್ತಿಯನ್ನು ಕೊಟ್ಟು, ಮಾಡಿದ ಕೆಲಸವನ್ನು ಮರೆತಿದೆ. ಆತನ ಹೆಸರು ಪಿಯೇರ್ ಪೆರಿನ್ಯೋಂ. ಮಠದ ಗೌರವಸೂಚಕದೊಂದಿಗೆ ಡೋಂ ಪೆರಿನ್ಯೋಂ.

ಪೆರಿನ್ಯೋಂ ಹುಟ್ಟಿದ್ದು ಫ್ರಾನ್ಸಿನ ಈಶಾನ್ಯಕ್ಕಿರುವ ಶಾಂಪೇನ್ ಪ್ರಾಂತ್ಯದ ಸೇಂತ್ ಮೆನೂ ಎಂಬ ಪಟ್ಟಣದಲ್ಲಿ. 1639ರ ಜನವರಿ ಆರಂಭದಲ್ಲಿ ಆತನಿಗೆ ದೀಕ್ಷಾಸ್ನಾನವಾಯಿತು. ತಂದೆ ಸ್ಥಳೀಯ ನ್ಯಾಯಾಡಳಿತದಲ್ಲಿ ಗುಮಾಸ್ತರಾಗಿದ್ದರು. ಇಪ್ಪತ್ತರ ಹೊಸ್ತಿಲಲ್ಲಿ ಆತ ವೆರ್ದಂ ನಗರದ ಬೆನೆಡಿಕ್ಟೈನ್ ಮಠವನ್ನು ಸೇರಿದ. 1668ರಲ್ಲಿ ಮಾರ್ನ್ ನದಿಯ ದಂಡೆಯ ಮೇಲಿನ ಇಳಿಜಾರಿನಲ್ಲಿರುವ ಓವಿಲೇ ಮಠಕ್ಕೆ ಬಂದ. ಅಲ್ಲಿ ಆತನಿಗೆ ವಹಿಸಿದ ಹುದ್ದೆ ಉಗ್ರಾಣದ್ದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಆತ ಮಠದ ಪಾರುಪತ್ಯಗಾರ. ದವಸ, ಹಣ, ಜಮೀನು, ಕಟ್ಟಡ, ವೈನ್ ಎಲ್ಲದರ ಲೆಕ್ಕವೂ ಆತನದೇ. 1715ರ ಸೆಪ್ಟೆಂಬರಿನಲ್ಲಿ ಕಣ್ಣು ಮುಚ್ಚುವವರೆಗೆ, ಬಡ್ತಿಯಿಲ್ಲದೆ, ವರ್ಗಾವಣೆಯಿಲ್ಲದೆ 47 ವರ್ಷ ಆತ ಅದೇ ಹುದ್ದೆಯಲ್ಲಿದ್ದ. ದೊರೆ ಹದಿನಾಲ್ಕನೆಯ ಲೂಯಿ ತೀರಿಕೊಂಡದ್ದೂ ಅದೇ ತಿಂಗಳು. ಇಬ್ಬರ ಆಯುಷ್ಯವೂ ಹೆಚ್ಚುಕಡಿಮೆ ಒಂದೇ ಅವಧಿಯದು.

ಆತ ಬಂದಾಗ ಯುದ್ಧಗಳಿಂದ ನಲುಗಿದ ಆ ಪ್ರಾಂತ್ಯ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಮಠಕ್ಕೆ ವರಮಾನ ಬೇಕಿತ್ತು, ವರಮಾನಕ್ಕೆ ವೈನೇ ದಾರಿಯಾಗಿತ್ತು. ಆದರೆ ಶಾಂಪೇನ್ ದ್ರಾಕ್ಷಿಗೆ ಸುಲಭದ ನೆಲವಲ್ಲ. ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದ ಚಳಿಯಲ್ಲಿ ಹಣ್ಣು ಮಾಗುವುದೇ ಕಷ್ಟ. ವಸಂತದ ಹಿಮ ಒಂದು ತೋಟದ ಚಿಗುರನ್ನು ಸುಟ್ಟು ಪಕ್ಕದ ತೋಟವನ್ನು ಬಿಡಬಹುದು. ಆಲಿಕಲ್ಲು ಒಂದು ಇಳಿಜಾರನ್ನು ಬಡಿದು ಎದುರಿನ ಇಳಿಜಾರನ್ನು ಮುಟ್ಟದಿರಬಹುದು.

ದಕ್ಷಿಣಕ್ಕಿದ್ದ ಪ್ರತಿಸ್ಪರ್ಧಿ ಬರ್ಗಂಡಿಯ ಹಾದಿ ಬೇರೆಯಾಗಿತ್ತು. ಅಲ್ಲಿನ ಡ್ಯೂಕ್ ಫಿಲಿಪ್ 1395ರಲ್ಲೇ ರಾಜಾಜ್ಞೆ ಹೊರಡಿಸಿ, ಹೆಚ್ಚು ಇಳುವರಿ ಕೊಡುವ ಆದರೆ ಕೀಳೆಂದು ತಾನು ಬಗೆದ ಗಮೇ ತಳಿಯ ಬಳ್ಳಿಗಳನ್ನು ಕೀಳಿಸಲು ಹೊರಟಿದ್ದ. ಪಿನೋ ನ್ವಾ ಎಂಬ ಒಂದೇ ಕಪ್ಪು ದ್ರಾಕ್ಷಿಯ ಮೇಲೆ ಬರ್ಗಂಡಿಯ ಕೆಂಪು ವೈನಿನ ಹೆಸರು ನಿಂತಿತು. ಒಂದು ತಳಿ, ಒಂದು ನೆಲ, ಒಂದು ರುಚಿ ಎಂಬ ಸಿದ್ಧಾಂತದ ತವರು ಅದು. ಹದಿನೇಳನೆಯ ಶತಮಾನದ ಕೊನೆಗೆ ದೊರೆಯ ವೈದ್ಯ ಫಾಗೋಂ ಶಾಂಪೇನ್ ವೈನನ್ನು ಬಿಡಿಸಿ ಬರ್ಗಂಡಿಯನ್ನೇ ಸೇವಿಸುವಂತೆ ದೊರೆಗೆ ಸಲಹೆಯಿತ್ತ. ಎರಡು ಪ್ರಾಂತ್ಯಗಳ ಪೈಪೋಟಿ ವೈದ್ಯರ ವಾಗ್ವಾದವಾಗಿ ದಶಕಗಟ್ಟಲೆ ನಡೆಯಿತು.

ಈ ಸ್ಪರ್ಧೆಯಲ್ಲಿ ಪೆರಿನ್ಯೋಂ ಕೈಯಲ್ಲಿದ್ದದ್ದು ಬೇರೆಯದೇ ಬಂಡವಾಳ. ಮಠಕ್ಕೆ ಸ್ವಂತ ತೋಟಗಳಿದ್ದವು. ಆತನ ಕಾಲದಲ್ಲಿ ಅವು ಸುಮಾರು ದುಪ್ಪಟ್ಟಾದವು. ಇವಲ್ಲದೆ ಸುತ್ತಲಿನ ಹಳ್ಳಿಗಳ ರೈತರು ದಶಾಂಶದ ಕಾಣಿಕೆಯಾಗಿ ದ್ರಾಕ್ಷಿಯನ್ನೇ ತಂದು ಸಲ್ಲಿಸುತ್ತಿದ್ದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಒಂದು ತೊಡಕು ಕಾಣುತ್ತದೆ. ತೆರಿಗೆಯನ್ನು ವಸ್ತುರೂಪದಲ್ಲಿ ಕೊಡುವವನು ತನ್ನ ಅತ್ಯುತ್ತಮ ಫಸಲನ್ನು ಕೊಡಬೇಕಾದ ಒತ್ತಾಯವೇನೂ ಇರುವುದಿಲ್ಲ. ಲೆವಿ ಭತ್ತ ಸಂಗ್ರಹಿಸಿದ ನನ್ನ ತಲೆಮಾರಿನ ಅಧಿಕಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತಾರು ಕೈಗಳಿಂದ, ಹತ್ತಾರು ಮಣ್ಣಿನಿಂದ, ಹತ್ತಾರು ಹದದಲ್ಲಿ ಬಂದ ಹಣ್ಣಿನ ರಾಶಿಯ ಮುಂದೆ ನಿಂತ ಪಾರುಪತ್ಯಗಾರ ಏನು ಮಾಡಬೇಕು? ಬಂದದ್ದನ್ನೆಲ್ಲ ಒಂದೇ ಗಾಣಕ್ಕೆ ಸುರಿಯಬಹುದು. ಇಲ್ಲವೇ ಪ್ರತಿಯೊಂದನ್ನೂ ಅರಿತು, ತೂಗಿ, ಕೂಡಿಸಬಹುದು. ಪೆರಿನ್ಯೋಂ ಎರಡನೆಯ ದಾರಿಯನ್ನು ಆರಿಸಿಕೊಂಡ.

ಆತನ ಶಿಷ್ಯ, ಸಹೋದರ ಪಿಯೇರ್ ಬರೆದಿಟ್ಟ ವಿವರಗಳಿಂದ ಈ ಕ್ರಮ ನಮಗೆ ತಿಳಿಯುತ್ತದೆ. ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ತರಿಸಿ, ಇಡೀ ರಾತ್ರಿ ಕಿಟಕಿಯ ಬಳಿ ತಂಪಿಗಿಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರುಚಿ ನೋಡಿ, ಯಾವುದಕ್ಕೆ ಯಾವುದು ಜೊತೆಯಾಗಬೇಕೆಂದು ಆತ ನಿರ್ಧರಿಸುತ್ತಿದ್ದ. ಒಂದರಲ್ಲಿ ಹುಳಿ ಮುಂದಾಗಿದ್ದರೆ ಇನ್ನೊಂದರ ಸಿಹಿ ಅದನ್ನು ಸಮತೂಗಿಸಬೇಕು. ಒಂದರಲ್ಲಿ ಪರಿಮಳವಿದ್ದು ಕಸುವಿಲ್ಲದಿದ್ದರೆ ಮತ್ತೊಂದು ಅದಕ್ಕೆ ಆಸರೆಯಾಗಬೇಕು. ರಸ ಹಿಂಡುವ ಮೊದಲೇ ಈ ತೀರ್ಮಾನವಾಗುತ್ತಿತ್ತು. ಬಳ್ಳಿಯನ್ನು ಗಿಡ್ಡವಾಗಿ ಸವರಬೇಕು, ಇಳುವರಿ ಕಡಿಮೆಯಾದರೂ ಸರಿ. ಮುಂಜಾನೆಯ ತಂಪಿನಲ್ಲಿ ಕೊಯ್ಯಬೇಕು. ಜಜ್ಜಿದ ಹಣ್ಣನ್ನು ಆಯ್ದು ಎಸೆಯಬೇಕು. ಕಾಲಿನಿಂದ ತುಳಿಯದೆ ಬೇಗನೆ, ಹಗುರವಾಗಿ ಹಿಂಡಬೇಕು. ಈ ಕೊನೆಯ ನಿಯಮದಿಂದಲೇ ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ ರಸಕ್ಕಿಳಿಯದೆ ತಿಳಿಯಾದ ಬಿಳಿ ವೈನ್ ದೊರೆಯುತ್ತಿತ್ತು. ಇವೆಲ್ಲ ಆತನೊಬ್ಬನೇ ಕಂಡುಹಿಡಿದವಲ್ಲ, ಬೆರೆಸುವುದನ್ನೂ ಆತನೇ ಮೊದಲು ಮಾಡಿದ್ದಲ್ಲ. ಅಭ್ಯಾಸವಾಗಿದ್ದುದನ್ನು ಆತ ಶಿಸ್ತಾಗಿಸಿದ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪೆರಿನ್ಯೋಂ ಬೆರೆಸಿದ್ದು ಮುಖ್ಯವಾಗಿ ತೋಟಗಳನ್ನು. ತಳಿಗಳ ಮಟ್ಟಿಗೆ ಆತನ ಒಲವು ಪಿನೋ ನ್ವಾ ಕಡೆಗೇ ಇತ್ತು. ಪಿನೋ ನ್ವಾ, ಮೆನಿಯೇ, ಶಾರ್ಡೊನೇ ಎಂಬ ಮೂರು ತಳಿಗಳನ್ನೂ ಹಲವು ವರ್ಷಗಳ ವೈನನ್ನೂ ಕೂಡಿಸುವ ಇಂದಿನ ಶಾಂಪೇನ್ ಪದ್ಧತಿ ಅನಂತರ ಬೆಳೆದು ಬಂದದ್ದು. ಆದರೆ ತತ್ತ್ವ ಒಂದೇ: ಬಿಡಿ ಭಾಗಗಳಲ್ಲಿಲ್ಲದ ಸಮತೋಲವನ್ನು ಇಡಿಯಲ್ಲಿ ಸಾಧಿಸುವುದು. 1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಹೂಡಿಕೆಯ ಬಗ್ಗೆ ಇದನ್ನೇ ಗಣಿತದ ಭಾಷೆಯಲ್ಲಿ ನಿರೂಪಿಸಿದರು. 1990ರಲ್ಲಿ ಅವರಿಗೆ ನೊಬೆಲ್ ಸಂದಿತು. ಒಟ್ಟಿಗೇ ಏರದ, ಒಟ್ಟಿಗೇ ಬೀಳದ ಹೂಡಿಕೆಗಳನ್ನು ಕೂಡಿಸಿದರೆ ಒಟ್ಟು ಅಪಾಯ ತಗ್ಗುತ್ತದೆ. ಒಂದೇ ಆಲಿಕಲ್ಲಿಗೆ ಎಲ್ಲ ತೋಟಗಳೂ ಸಿಗುವುದಿಲ್ಲ ಎಂಬುದನ್ನು ಓವಿಲೇ ಮಠದ ಸನ್ಯಾಸಿ ಅನುಭವದಿಂದ ಅರಿತಿದ್ದ. ಬೋರ್ಡೋ ಪ್ರಾಂತ್ಯದ ರೈತರು ಬೇಗ ಮಾಗುವ ಮೆರ್ಲೋವನ್ನೂ ತಡವಾಗಿ ಮಾಗುವ ಕ್ಯಾಬರ್ನೆ ಸೋವಿನ್ಯೋಂ ತಳಿಯನ್ನೂ ಜೊತೆಯಾಗಿ ಬೆಳೆದು ಬೆರೆಸುವುದರ ಹಿಂದೆಯೂ ಇಂಥದೇ ಲೆಕ್ಕಾಚಾರವಿದೆ.

ಇನ್ನು ಗುಳ್ಳೆಗಳ ಕಥೆ. ಶಾಂಪೇನ್ ಎಂದೊಡನೆ ನೊರೆಯುಕ್ಕುವ ಸೀಸೆ ನೆನಪಾಗುತ್ತದೆ. ಅದರ ಜನಕನೆಂದು ಪೆರಿನ್ಯೋಂ ಹೆಸರು ಕೇಳಿಬರುತ್ತದೆ. ವಾಸ್ತವ ಇದಕ್ಕೆ ವಿರುದ್ಧ. ಶಾಂಪೇನ್ ಚಳಿಗೆ ಪೀಪಾಯಿಯ ರಸ ಹುದುಗುವುದು ಅರ್ಧಕ್ಕೇ ನಿಲ್ಲುತ್ತಿತ್ತು. ವಸಂತದ ಬಿಸಿಗೆ ಮತ್ತೆ ಹುದುಗತೊಡಗಿ, ಅಷ್ಟರಲ್ಲಿ ಸೀಸೆಗೆ ತುಂಬಿದ್ದರೆ ಅನಿಲ ಒಳಗೇ ಸಿಲುಕಿ ಸೀಸೆಗಳು ಸಿಡಿಯುತ್ತಿದ್ದವು. ಪಾರುಪತ್ಯಗಾರನ ಪಾಲಿಗೆ ಅದು ಶುದ್ಧ ನಷ್ಟ. ಬಿಳಿ ದ್ರಾಕ್ಷಿಯ ರಸ ಹೀಗೆ ಮರುಹುದುಗುವ ಸಂಭವ ಹೆಚ್ಚೆಂಬುದು ಆತ ಕಪ್ಪು ದ್ರಾಕ್ಷಿಯನ್ನು ನೆಚ್ಚಲು ಒಂದು ಕಾರಣ. ಅಂದರೆ ಗುಳ್ಳೆ ಬಾರದಂತೆ ನೋಡಿಕೊಳ್ಳುವುದೇ ಆತನ ಉದ್ದೇಶವಾಗಿತ್ತು. ಸಕ್ಕರೆ ಬೆರೆಸಿ ವೈನನ್ನು ನೊರೆಯೇಳಿಸುವ ಕ್ರಮವನ್ನು ಇಂಗ್ಲೆಂಡಿನ ಕ್ರಿಸ್ಟೊಫರ್ ಮೆರೆಟ್ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದ. ಪೆರಿನ್ಯೋಂ ಓವಿಲೇಗೆ ಬಂದದ್ದು ಅದಾದ ಆರು ವರ್ಷಕ್ಕೆ.

ಹಾಗಾದರೆ ದಂತಕಥೆ ಹುಟ್ಟಿದ್ದು ಹೇಗೆ? ಫ್ರಾನ್ಸಿನ ಕ್ರಾಂತಿಯಲ್ಲಿ ಮಠಗಳು ಮುಚ್ಚಿದವು, ಸನ್ಯಾಸಿಗಳು ಚದುರಿದರು. ಓವಿಲೇ ಮಠದಲ್ಲಿದ್ದ ಡೋಂ ಗ್ರೊಸಾರ್ 1821ರಲ್ಲಿ ಬರೆದ ಪತ್ರವೊಂದು, ನೊರೆವೈನಿನ ರಹಸ್ಯವನ್ನು ಕಂಡವನು ಪೆರಿನ್ಯೋಂ ಎಂದು ಸಾರಿತು. ಕಳೆದುಹೋದ ತನ್ನ ಮಠದ ಹಿರಿಮೆಯನ್ನು ಉಳಿಸುವ ಹಂಬಲ ಆ ಮುದುಕನಿಗೆ ಇದ್ದಿರಬೇಕು. ಆತ ಕುರುಡನಾಗಿದ್ದನೆಂಬ ಆಧಾರವಿಲ್ಲದ ಕಥೆಯೂ ಸೇರಿಕೊಂಡಿತು. ಆ ವೇಳೆಗೆ ನೊರೆವೈನ್ ದೊಡ್ಡ ಉದ್ಯಮವಾಗುತ್ತಿತ್ತು. ಉದ್ಯಮಕ್ಕೆ ಒಬ್ಬ ಮೂಲಪುರುಷ ಬೇಕಿದ್ದ. ಮೋಯೆ ಎ ಶಾಂಡೋಂ ಸಂಸ್ಥೆ 1921ರ ಫಸಲಿನ ಶಾಂಪೇನನ್ನು 1936ರಲ್ಲಿ ಆತನ ಹೆಸರಿನಲ್ಲೇ ಮಾರುಕಟ್ಟೆಗೆ ತಂದಿತು. ಪಿನೋ ನ್ವಾ ಮತ್ತು ಶಾರ್ಡೊನೇ ಬೆರೆತ ಆ ದುಬಾರಿ ವೈನಿನ ತುಂಬ ಆತ ದೂರವಿಡಲು ಹೆಣಗಿದ ಗುಳ್ಳೆಗಳು!

ಒಂಟಿ ತಳಿಯ ಪಕ್ಷದಲ್ಲಿ ನ್ಯಾಯವಿಲ್ಲವೆಂದಲ್ಲ. ತನ್ನ ಹಣ್ಣು ಬೇರೆಯವರದರಲ್ಲಿ ಕರಗಿಹೋದರೆ, ಶ್ರಮಿಸಿ ಬೆಳೆದ ರೈತನಿಗೆ ಹೆಸರೂ ಇಲ್ಲ, ಹೆಚ್ಚಿನ ಬೆಲೆಯೂ ಇಲ್ಲ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕ ದೊರೆತಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕೊಳ್ಳುವವನಿಗೂ ತಳಿಯ ಹೆಸರು ಒಂದು ಖಾತರಿ. 1976ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ರುಚಿಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯಾದ ಶಾರ್ಡೊನೇ ಮತ್ತು ಕ್ಯಾಬರ್ನೆ ಫ್ರೆಂಚ್ ವೈನುಗಳನ್ನು ಮೀರಿಸಿದ ಮೇಲೆ, ತಳಿಯ ಹೆಸರಿನ ಮೋಹ ಜಗತ್ತಿಗೆಲ್ಲ ಹಬ್ಬಿತು. ಆದರೆ ಆ ಹೆಸರಿನ ಒಳಗೂ ಇಣುಕಿ ನೋಡಬೇಕು. ಅಮೆರಿಕದ ನಿಯಮದಂತೆ ಶೇ 75ರಷ್ಟು, ಐರೋಪ್ಯ ಒಕ್ಕೂಟದ ನಿಯಮದಂತೆ ಶೇ 85ರಷ್ಟು ಒಂದೇ ತಳಿಯಿದ್ದರೆ ಸಾಕು, ಸೀಸೆಗೆ ಆ ತಳಿಯ ಹೆಸರು ಹಚ್ಚಬಹುದು. ಅಪ್ಪಟವೆಂದು ನಾವು ಎತ್ತಿಹಿಡಿಯುವ ಬಟ್ಟಲಿನಲ್ಲೂ ಕಾಲು ಪಾಲು ಬೆರಕೆ ಇರಬಹುದು, ಅದೂ ಹೇಳದೆ. ಮಲೆನಾಡಿನ ಆ ಕಾಫಿಪುಡಿಯ ಪೊಟ್ಟಣವೇ ಇದಕ್ಕಿಂತ ಪ್ರಾಮಾಣಿಕವಾಗಿತ್ತು.

ಕೆಲವು ವರ್ಷಗಳ ಹಿಂದೆ ಯುರೋಪಿನಲ್ಲಿರುವ ಮಗಳ ಮನೆಗೆ ಹೋದಾಗ, ಪ್ಯಾರಿಸ್‌ನಿಂದ ರೈಲಿನಲ್ಲಿ ಏಪರ್ನೇ ಪಟ್ಟಣಕ್ಕೂ ಅಲ್ಲಿಂದ ಓವಿಲೇಗೂ ಹೋಗಿದ್ದೆ. ಏಪರ್ನೇಯಲ್ಲಿ ಮೋಯೆ ಸಂಸ್ಥೆಯ ಎದುರು, ಕೈಯಲ್ಲಿ ಸೀಸೆ ಹಿಡಿದ ಪೆರಿನ್ಯೋಂ ಪ್ರತಿಮೆಯಿದೆ. ಪ್ರವಾಸಿಗರು ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಓವಿಲೇ ಚರ್ಚಿನೊಳಗೆ ಜನರಿರಲಿಲ್ಲ. ಬಲಿಪೀಠದ ಮುಂದೆ ನೆಲದಲ್ಲಿ ಕಪ್ಪು ಸಮಾಧಿಕಲ್ಲು. ಅದರ ಮೇಲಿನ ಲ್ಯಾಟಿನ್ ಬರಹದ ಅರ್ಥವನ್ನು ಮಗಳು ಹುಡುಕಿ ಓದಿ ಹೇಳಿದಳು. ಈತ 47 ವರ್ಷ ಈ ಮಠದ ಉಗ್ರಾಣವನ್ನು ನೋಡಿಕೊಂಡವನು, ಮಠದ ಸೊತ್ತನ್ನು ಮೆಚ್ಚುವಂತೆ ನಿರ್ವಹಿಸಿದವನು, ಗುಣವಂತ, ಎಲ್ಲಕ್ಕೂ ಮಿಗಿಲಾಗಿ ಬಡವರನ್ನು ತಂದೆಯಂತೆ ಪ್ರೀತಿಸಿದವನು ಎಂಬುದಷ್ಟೇ ಅದರ ಸಾರಾಂಶ. ಗುಳ್ಳೆಯ ಸುಳಿವಿಲ್ಲ, ವೈನಿನ ಹೆಸರೂ ಇಲ್ಲ.

ಆತನನ್ನು ಹತ್ತಿರದಿಂದ ಕಂಡವರು ನೆನಪಿಡಬೇಕೆಂದುಕೊಂಡದ್ದು ಅಷ್ಟನ್ನೇ. ನನಗೆ ಅದು ಸಾಕೆನಿಸಿತು. ಒಳ್ಳೆಯ ಮಿಶ್ರಣದಲ್ಲಿ ಬೆರೆಸಿದವನ ಕೈ ಕಾಣುವುದಿಲ್ಲ, ಒಳ್ಳೆಯ ಆಡಳಿತದಲ್ಲಿಯೂ ಅಷ್ಟೇ. ಅಂದು ನನ್ನನ್ನು ಪಕ್ಕಕ್ಕೆ ಕರೆದು ಒಂದು ಅನ್ಯಾಯದ ಮೊಕದ್ದಮೆಯನ್ನು ತಪ್ಪಿಸಿದ ಆಹಾರ ನಿರೀಕ್ಷಕರ ಹೆಸರು ಯಾವ ಕಡತದಲ್ಲಿಯೂ ದಾಖಲಾಗಿಲ್ಲ. ಆ ಕಲ್ಲಿನ ಮುಂದೆ ನಿಂತಾಗ ನನಗೆ ಅವರ ನೆನಪಾಯಿತು.