ಹಿಟ್ಟಿನ ಚೀಲದಲ್ಲಿ ಬಂದ ಕೌದಿ

ಕಳೆದ ವಾರ ಯೊಪ್ಪದ ದೊರ್ಕಳ ಬಗ್ಗೆ ಧ್ಯಾನ ಮಾಡಿದ್ವಿ. ಆಕೆ ತೀರಿಕೊಂಡಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದಿದ್ದ ಅಂಗಿಗಳನ್ನು. ಆಕೆ ಆಡಿದ ಒಂದು ಮಾತೂ ಸತ್ಯವೇದದಲ್ಲಿ ಇಲ್ಲ, ಗಮನಿಸಿದ್ದೀರಾ? ಇವತ್ತು ಅದೇ ಸಾಲಿನ ಇನ್ನೊಬ್ಬ ತಾಯಿಯ ಜೀವನ ಹೇಳ್ತೀನಿ. ಹೆಸರು ಹ್ಯಾರಿಯೆಟ್ ಪವರ್ಸ್.

1837ರ ಅಕ್ಟೋಬರ್ 29ರಂದು ಅಮೆರಿಕದ ಜಾರ್ಜಿಯಾದಲ್ಲಿ, ಅಥೆನ್ಸ್ ಅನ್ನೋ ಊರಿನ ಹತ್ತಿರ, ಗುಲಾಮಳಾಗಿ ಹುಟ್ಟಿದರು. 1855ರಲ್ಲಿ ಆರ್ಮ್‌ಸ್ಟೆಡ್ ಅವರ ಜೊತೆ ಮದುವೆ, ಆಮೇಲೆ ಮಕ್ಕಳು. 1865ರಲ್ಲಿ ಗುಲಾಮಗಿರಿ ಮುಗಿದಾಗ ಆಕೆಗೆ ಇಪ್ಪತ್ತೇಳು ವಯಸ್ಸು. ಮುಂದೆ ಗಂಡ ಹೆಂಡತಿ ದುಡಿದು ಸ್ವಂತಕ್ಕೆ ಸ್ವಲ್ಪ ಜಮೀನೂ ಮಾಡಿಕೊಂಡರು. ಹೊಲ, ಮಕ್ಕಳು, ಅಡುಗೆ ಇದೆಲ್ಲದರ ನಡುವೆ ಆಕೆ ಹೊಲಿಯೋರು.

ಹೊಲಿದದ್ದು ಕೌದಿ. ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳೋದೇ ಬೇಡ. ಬೆಂಗಳೂರಲ್ಲೇ ಬೆಳೆದವರಿಗೆ ಹೇಳ್ತೀನಿ: ಹಳೇ ಸೀರೆ, ಪಂಚೆ ಪದರ ಪದರವಾಗಿ ಹಾಸಿ, ತುಂಡು ಬಟ್ಟೆ ಜೋಡಿಸಿ, ಉದ್ದಕ್ಕೂ ಹೊಲಿಗೆ ಹಾಕಿದ ಹೊದಿಕೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ತಾಯಂದಿರು ಇವತ್ತಿಗೂ ಮಾಡ್ತಾರೆ. ಅವರ ಪೂರ್ವಿಕರೂ ಆಫ್ರಿಕಾದವರೇ. ಅವರಲ್ಲಿ ಕ್ರೈಸ್ತ ಮನೆಗಳವರು ಕೌದಿಯಲ್ಲಿ ಶಿಲುಬೆ ಕೂರಿಸೋದುಂಟು.

ಹ್ಯಾರಿಯೆಟ್ ಅವರ ಕೆಲಸ ಇನ್ನೊಂದು ಹೆಜ್ಜೆ ಮುಂದೆ. ಬಟ್ಟೆಯಲ್ಲಿ ಮನುಷ್ಯರ, ಪ್ರಾಣಿಗಳ ಆಕಾರ ಕತ್ತರಿಸಿ, ಇನ್ನೊಂದು ಬಟ್ಟೆಯ ಮೇಲೆ ಇಟ್ಟು ಹೊಲಿಯೋದು. ಕೈಯಲ್ಲೂ ಹೊಲಿದರು, ಮಿಷಿನ್‌ನಲ್ಲೂ ಹೊಲಿದರು. ಹೀಗೆ ಒಂದೇ ಕೌದಿಯಲ್ಲಿ 11 ಚಿತ್ರಗಳು: ಏದೆನ್ ತೋಟದಿಂದ ಶುರುವಾಗಿ ಕಾಯಿನ, ಹೇಬೆಲ, ಯಾಕೋಬನ ಕನಸು, ಯೇಸುವಿನ ದೀಕ್ಷಾಸ್ನಾನ, ಕಡೇ ಭೋಜನ, ಶಿಲುಬೆ, ಪವಿತ್ರ ಕುಟುಂಬ.

ನನಗೆ ತುಂಬಾ ಇಷ್ಟವಾದದ್ದು ಏದೆನ್ ತೋಟ. ಅಲ್ಲಿ ಆನೆ ಇದೆ, ಒಂಟೆ ಇದೆ, ಉಷ್ಟ್ರಪಕ್ಷಿ ಇದೆ. ಆದ್ರೆ ಕಾಲು ಇರೋದು ಯಾವುದಕ್ಕೆ ಗೊತ್ತಾ? ಹಾವಿಗೆ ಮಾತ್ರ! ಮೊದಲು ನೋಡಿದವರು ನಕ್ಕಿರಬಹುದು. ಆದಿಕಾಂಡ 3 ತೆಗೆದು ನೋಡಿ. ಹೊಟ್ಟೆಯ ಮೇಲೆ ಹರಿಯೋ ಶಾಪ ಬಂದದ್ದು ಆಮೇಲೆ. ಹಾಗಾದ್ರೆ ಅದಕ್ಕೂ ಮೊದಲು? ವಾಕ್ಯವನ್ನು ಇಷ್ಟು ಸೂಕ್ಷ್ಮವಾಗಿ ಓದಿದವರು ಯಾರು ಸ್ವಾಮಿ! ಆಕೆಗೆ ಅಕ್ಷರ ಬರ್ತಿರಲಿಲ್ಲ, ಎಲ್ಲಾ ಕೇಳಿ ಕಲಿತದ್ದು ಅಂತಲೇ ತುಂಬಾ ಕಾಲ ಜನ ನಂಬಿದ್ರು. ಎಷ್ಟೋ ವರ್ಷದ ಮೇಲೆ 1896ರ ಒಂದು ಪತ್ರ ಬೆಳಕಿಗೆ ಬಂತು. ಚಿಕ್ಕವಳಿದ್ದಾಗಲೇ ಓದಲು ಕಲಿತ ವಿಷಯ ಅದರಲ್ಲಿದೆ.

ಕಡೇ ಭೋಜನದಲ್ಲಿ ಶಿಷ್ಯರು ಐದು ಜನ ಕಡಿಮೆ. ಎಲ್ಲರಿಗೂ ಚುಕ್ಕಿಯ ಬಿಳಿ ಬಟ್ಟೆ, ಯೂದನಿಗೆ ಮಾತ್ರ ಮಾಸಲು ಬಣ್ಣ. ಆ ಮೂವತ್ತು ಬೆಳ್ಳಿ ನಾಣ್ಯ ಹಸಿರು ಬಟ್ಟೆಯಲ್ಲಿವೆ. ಮನೆಯಲ್ಲಿ ಇದ್ದ ಚೂರು ಅದೇ ಇರಬೇಕು ಅಂತ ನನ್ನ ಊಹೆ.

1886ರಲ್ಲಿ ಅಥೆನ್ಸ್‌ನ ಹತ್ತಿ ಜಾತ್ರೆಯಲ್ಲಿ ಈ ಕೌದಿ ಪ್ರದರ್ಶನಕ್ಕೆ ಬಂತು. ಜೆನ್ನಿ ಸ್ಮಿತ್ ಅನ್ನೋ ಬಿಳಿಯ ಚಿತ್ರಕಲಾ ಶಿಕ್ಷಕಿ ನೋಡಿ, ಕೊಂಡುಕೊಳ್ತೀನಿ ಅಂದರು. ಎಷ್ಟು ಕೊಟ್ಟರೂ ಮಾರಲ್ಲ ಅಂದುಬಿಟ್ಟರು ಹ್ಯಾರಿಯೆಟ್.

ಆಮೇಲೆ ಕಷ್ಟದ ವರ್ಷಗಳು. ನಾಲ್ಕು ವರ್ಷ ಕಳೆದ ಮೇಲೆ ಆಕೆಯೇ ಹೇಳಿ ಕಳಿಸಿದರು, ಮಾರ್ತೀನಿ ಅಂತ. ಆಗ ಜೆನ್ನಿ ಹತ್ತಿರ ದುಡ್ಡಿರಲಿಲ್ಲ. ಮುಂದಿನ ವರ್ಷ ಜೆನ್ನಿ ಹೇಳಿ ಕಳಿಸಿದಾಗ ಹ್ಯಾರಿಯೆಟ್ ಎತ್ತಿನ ಗಾಡಿಯಲ್ಲಿ ಬಂದರು. ಕೌದಿ ತೊಡೆಯ ಮೇಲಿತ್ತು, ಶುಭ್ರವಾದ ಹಿಟ್ಟಿನ ಚೀಲದಲ್ಲಿ, ಅದರ ಮೇಲೆ ಇನ್ನೊಂದು ಗೋಣಿಚೀಲ. ಕೇಳಿದ್ದು 10 ಡಾಲರ್. ನನ್ನ ಹತ್ತಿರ ಇರೋದು 5 ಅಂದರು ಜೆನ್ನಿ. ಆಕೆ ಹೊರಗೆ ಹೋಗಿ ಗಂಡನ ಹತ್ತಿರ ಮಾತಾಡಿ ಬಂದರು. ಕಾಲ ಕೆಟ್ಟದಾಗಿದೆ, ಕೊಟ್ಟುಬಿಡೋದೇ ಒಳ್ಳೇದು ಅಂತ ಆತನ ಅಭಿಪ್ರಾಯ. ಆಕೆ ಕೊಟ್ಟರು.

ಗಂಡ ಹೇಳಿದ ಕೂಡಲೇ ಒಪ್ಪಿದಳಲ್ಲ, ಹಳೇ ಕಾಲದ ಹೆಂಗಸು ಅನ್ನೋ ಧಾಟಿಯಲ್ಲಿ ಜೆನ್ನಿ ಮುಂದೆ ಬರೆದರು. ನನಗೆ ಹಾಗನ್ನಿಸಲ್ಲ. ಮನೆಗೆ ಹಿಟ್ಟು ಬೇಕಿತ್ತು, ಅಷ್ಟೇ. ನಿಮ್ಮಲ್ಲಿ ಕೆಲವರು ಅಪ್ಪನ ಸಾಲಕ್ಕೋ ತಂಗಿಯ ಫೀಸಿಗೋ ಇಷ್ಟದ ಓದು ಬಿಟ್ಟು ನೈಟ್ ಶಿಫ್ಟ್ ಸೇರಿದ್ದೀರಿ. ನೋವು ಏನು ಅಂತ ನಿಮಗೆ ಗೊತ್ತು. ಇದು ಅವಿಶ್ವಾಸ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ, ನಾನು ಒಪ್ಪಲ್ಲ.

ಹೋಗೋ ಮುಂಚೆ ಆಕೆ ಒಂದೊಂದು ಚಿತ್ರದ ಅರ್ಥವನ್ನೂ ಬಿಡಿಸಿ ಹೇಳಿದರು. ಜೆನ್ನಿ ಬರೆದಿಟ್ಟುಕೊಂಡರು. ಐದು ಡಾಲರ್ ವಿಷಯಕ್ಕೆ ನನಗೆ ಆಯಮ್ಮನ ಮೇಲೆ ಸ್ವಲ್ಪ ಬೇಸರವೇ. ಆದ್ರೂ ಅವರು ಬರೆಯದೇ ಇದ್ದಿದ್ರೆ ಹಾವಿನ ಕಾಲಿನ ಮಾತನ್ನು ಇವತ್ತು ನಾನು ಹೇಳೋಕೆ ಆಗ್ತಿರಲಿಲ್ಲ. ಇನ್ನು ಮುಂದೆ ತನ್ನ ಮನೆಯ ಬಟ್ಟೆ ಚೂರುಗಳನ್ನೆಲ್ಲಾ ಎತ್ತಿಡ್ತೀನಿ ಅಂತ ಜೆನ್ನಿ ಮಾತು ಕೊಟ್ಟ ಮೇಲೆ ಆಕೆಗೆ ತುಸು ಸಮಾಧಾನ. ಹಾಗಿದ್ರೂ ಆ ಕೌದಿಯನ್ನು ನೋಡೋಕೆ ಮತ್ತೆ ಮತ್ತೆ ಆ ಮನೆಗೆ ಬಂದರು, ಹೆತ್ತ ಮಗುವನ್ನು ನೋಡೋಕೆ ಬಂದ ಹಾಗೆ.

ಹೊಲಿಗೆ ನಿಲ್ಲಿಸಲಿಲ್ಲ. ಮುಂದೆ 15 ಚಿತ್ರಗಳ ಇನ್ನೊಂದು ಕೌದಿ ಬಂತು. ಅದರಲ್ಲಿ ಯೋಬ, ಯೋನ, ಮೋಶೆಯ ಜೊತೆಗೆ 1833ರ ನವೆಂಬರ್ 13ರ ರಾತ್ರಿಯೂ ಇದೆ. ಆಕೆ ಹುಟ್ಟೋಕೆ ಮೊದಲಿನ ಮಾತು. ಆಕಾಶದಿಂದ ಉಲ್ಕೆಗಳು ಮಳೆಯಂತೆ ಸುರಿದವು, ಲೋಕಾಂತ್ಯವೇ ಬಂತು ಅಂತ ಜನ ನಡುಗಿದರು. ಆ ಚಿತ್ರದಲ್ಲಿ ಆಕೆ ಒಂದು ಕೈ ಹೊಲಿದಿದ್ದಾರೆ. ನಕ್ಷತ್ರಗಳನ್ನು ತಡೆದ ದೇವರ ಕೈ ಅದು.

1910ರ ಜನವರಿ 1ರಂದು ಆಕೆ ತೀರಿಕೊಂಡರು. ಅಥೆನ್ಸ್‌ನ ಗಾಸ್ಪೆಲ್ ಪಿಲ್ಗ್ರಿಮ್ ಸ್ಮಶಾನದಲ್ಲಿ ಸಮಾಧಿ ಇದೆ. ಉಳಿದಿರೋದು ಈ ಎರಡು ಕೌದಿಗಳು. ಮೊದಲನೆಯದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿ, ಎರಡನೆಯದು ಬಾಸ್ಟನ್ ಮ್ಯೂಸಿಯಂನಲ್ಲಿ. ಎರಡರ ಫೋಟೋಗಳೂ ಸಿಗುತ್ತವೆ. ಆರಾಧನೆ ಮುಗಿದ ಮೇಲೆ, ಈಗಲೇ ಅಲ್ಲ, ಫೋನ್ ಒಳಗಿಡಿ ತಮ್ಮಾ, ಏದೆನ್ ತೋಟವನ್ನು ದೊಡ್ಡದು ಮಾಡಿ ಆ ಹಾವನ್ನು ಹುಡುಕಿ ನೋಡಿ.