ತಂತಿಯನ್ನು ಮುಟ್ಟದೆ ಅಳೆದ ಸರ್ ಸಿ.ವಿ. ರಾಮನ್

ಸರ್ ಸಿ.ವಿ. ರಾಮನ್ ಅಂದ ಕೂಡಲೆ ನಮಗೆಲ್ಲಾ ನೊಬೆಲ್ ಬಹುಮಾನ ನೆನಪಾಗುತ್ತದೆ. ಆದರೆ ಅದಕ್ಕೂ ಮೊದಲು ಅವರು ನಡುಗುವ ತಂತಿಯ ಬೆನ್ನು ಹತ್ತಿದ್ದರು. ಆ ಸಂಗತಿಯನ್ನೇ ನಾನು ಬರೆದಿದ್ದೇನೆ.

ನಮ್ಮ ಅರಭಾವಿಯಲ್ಲಿ ಭಜನೆ ಇದ್ದ ದಿವಸ ನಮ್ಮ ಅಜ್ಜ ಏಕತಾರಿ ಮೀಟುತ್ತಾನೆ. ಮೀಟಿದಾಗ ಸಣ್ಣ ತಂತಿ ನಟ್ಟನಡುವೆ ಉಬ್ಬಿದ ಹಂಗ ಕಾಣುತ್ತದೆ. ಎಷ್ಟು ಸರಿದಾಡುತ್ತದೆ ನೋಡೋಣ ಅಂತ ಒಂದು ದಿನ ನಾನು ಅಳತೆಪಟ್ಟಿ ಹಿಡಿದೆ. ಪಟ್ಟಿ ತಾಗಿದ್ದೇ ತಡ, ನಾದ ನಿಂತಿತು. ಭಜನೆಯೂ ಅರ್ಧಕ್ಕೆ ನಿಂತಿತು. ಎಲ್ಲರ ಮುಂದೆ ಬೈಸಿಕೊಂಡೆ. ಮುಟ್ಟಿದರೆ ನಡುಕ ಕೆಡುತ್ತದೆ, ಮುಟ್ಟದೆ ಅಳೆಯೋದು ಹೆಂಗ?

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ತಂದೆ ಚಂದ್ರಶೇಖರ ಅಯ್ಯರ್ ಅವರು ಪಾಠ ಹೇಳುತ್ತಿದ್ದರು, ಪಿಟೀಲನ್ನೂ ನುಡಿಸುತ್ತಿದ್ದರು. 1907ರಲ್ಲಿ ಎಂ.ಎ. ಮುಗಿಸಿ ರಾಮನ್ ಕಲಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ನೌಕರಿಗೆ ಸೇರಿದರು. ಹಗಲು ಕಚೇರಿ, ಮುಂಜಾನೆ ಮತ್ತು ಸಂಜೆ ಅಲ್ಲಿನ ವಿಜ್ಞಾನ ಸಂಘದ ಪ್ರಯೋಗಶಾಲೆ.

ಅಲ್ಲಿ ಅವರು ತಂತಿಯ ಮೇಲೆ ಸಣ್ಣ ಸೀಳಿನಿಂದ ಬೆಳಕು ಬಿಟ್ಟರು. ತಂತಿಯ ನೆರಳು ಫೋಟೋ ತೆಗೆಯುವ ಗಾಜಿನ ಮೇಲೆ ಬಿತ್ತು. ಆ ಗಾಜನ್ನು ವೇಗವಾಗಿ ಸರಿಸಿದರು. ನೀವು ಪೆನ್ಸಿಲ್ಲನ್ನು ಒಂದೇ ಕಡೆ ಮ್ಯಾಲೆ ಕೆಳಗೆ ಆಡಿಸಿದರೆ ಗೆರೆ ಮೇಲೆ ಗೆರೆ ಬೀಳುತ್ತದೆ. ಕೆಳಗಿನ ಕಾಗದ ಎಳೆಯುತ್ತಾ ಹೋದರೆ ಅಲೆ ಮೂಡುತ್ತದೆ. ಇದೂ ಹಾಗೆಯೇ. ತಂತಿಗೆ ಏನೂ ತಾಗಲಿಲ್ಲ, ಅದರ ಚಲನೆ ಮಾತ್ರ ಬರೆದುಕೊಂಡಿತು.

ಕಮಾನಿನಿಂದ ನುಡಿಸುವ ಪಿಟೀಲಿನ ತಂತಿ ನಮ್ಮ ಕಣ್ಣಿಗೆ ಉಬ್ಬಿದಂತೆ ಕಂಡರೂ, ಒಂದೊಂದು ಕ್ಷಣದಲ್ಲಿ ಅದರ ಆಕಾರ ಹೆಚ್ಚುಕಡಿಮೆ ಎರಡು ನೇರ ಗೆರೆ, ನಡುವೆ ಒಂದು ಮೂಲೆ. ಆ ಮೂಲೆ ತಂತಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತದೆ. ಇದನ್ನು ಮೊದಲು ಕಂಡವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ರಾಮನ್ ಅದನ್ನು ಇನ್ನೂ ಮುಂದಕ್ಕೆ ಒಯ್ದು 1918ರಲ್ಲಿ ದೊಡ್ಡ ಪ್ರಬಂಧ ಬರೆದರು. ನಮ್ಮ ವೀಣೆ, ತಂಬೂರಿ, ಮೃದಂಗಗಳನ್ನೂ ಬಿಡದೆ ಪರೀಕ್ಷಿಸಿದರು.

1917ರಲ್ಲಿ ಹೆಚ್ಚು ಸಂಬಳದ ಸರಕಾರಿ ನೌಕರಿ ಬಿಟ್ಟು ಕಡಿಮೆ ಸಂಬಳದ ಪ್ರಾಧ್ಯಾಪಕರಾದರು. 1928ರ ಫೆಬ್ರುವರಿ 28ರಂದು ರಾಮನ್ ಪರಿಣಾಮ ಕಂಡುಹಿಡಿದರು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ನಮ್ಮ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1948ರಲ್ಲಿ ಅಲ್ಲೇ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಈಗ ನಡುಗುವ ಯಂತ್ರಗಳನ್ನು ಲೇಸರ್ ಬೆಳಕಿನಿಂದ ಮುಟ್ಟದೆ ಅಳೆಯುತ್ತಾರೆ.

ಇದನ್ನು ಓದಿದ ಮೇಲೆ ಮುಂದಿನ ಭಜನೆಯಲ್ಲಿ ನಾನು ಬ್ಯಾಟರಿ ಹಚ್ಚಿ ತಂತಿಯ ನೆರಳನ್ನು ಬಿಳಿ ಹಾಳೆಯ ಮೇಲೆ ಬೀಳಿಸಿದೆ. ನೆರಳೂ ಉಬ್ಬಿಯೇ ಕಂಡಿತು. ಗಾಜನ್ನು ಯಾಕೆ ಸರಿಸಬೇಕು ಅನ್ನೋದು ನನಗೆ ಆಗ ಸರಿಯಾಗಿ ತಿಳಿಯಿತು. ಹಾಳೆಯ ಮೇಲೆ ಉಬ್ಬಿನ ಎರಡೂ ಅಂಚಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡೆ. ಅಜ್ಜ ಮಾತ್ರ ಪದ ಮುಗಿಯುವ ತನಕ ಹಾಡುತ್ತಲೇ ಇದ್ದ.

— ಏಳನೇ ತರಗತಿ ವಿದ್ಯಾರ್ಥಿ, ಅರಭಾವಿ